ಬಟಾಣಿಯನ್ನು ಹಾಡಿನ ಕ್ಲಾಸಿಗೆ ಸೇರಿಸಿದ್ದು

ಒದ್ದೆ ಹೊದಿಕೆ ಹಿಂಡುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಒಂದು ತುದಿ ನಾನು ಹಿಡಿದಿದ್ದೆ, ಇನ್ನೊಂದು ತುದಿ ನಮ್ಮ ಮನೆಯವರು. ಎದುರುಬದುರು ನಿಂತು ಒಬ್ಬೊಬ್ಬರು ಒಂದೊಂದು ಕಡೆಗೆ ತಿರುವಿದರೆ ನೀರು ಇಳಿಯುತ್ತದೆ. ಮದುವೆಯಾದ ಹನ್ನೊಂದು ವರ್ಷದಿಂದಲೂ ನಮ್ಮವರು ನಾನು ತಿರುವಿದ ಕಡೆಗೇ ತಿರುವುತ್ತ ಬಂದಿದ್ದಾರೆ. ಹೊದಿಕೆ ಒಂದು ಹನಿಯನ್ನೂ ಬಿಟ್ಟುಕೊಡದೆ ನಮ್ಮಿಬ್ಬರ ನಡುವೆ ಸುಮ್ಮನೆ ಉರುಳುತ್ತಿರುತ್ತದೆ.

"ರೀ, ಆ ಕಡೆ."

"ಆ ಕಡೇನೇ ತಿರುಗಿಸ್ತಿದೀನಲ್ಲ!"

"ನಿಮ್ಮ ಆ ಕಡೆ ಅಲ್ಲ, ನನ್ನ ಆ ಕಡೆ."

ಅಷ್ಟರಲ್ಲಿ ಅತ್ತಿಗೆ, ಅಂದರೆ ನಮ್ಮವರ ಅಕ್ಕ, ಮಹಡಿಯ ಮೆಟ್ಟಿಲನ್ನು ದಡದಡ ಹತ್ತಿ ಬಂದರು. ಅಕ್ಕನನ್ನು ಕಂಡ ಕೂಡಲೇ ನಮ್ಮವರು ಕೈಯಲ್ಲಿದ್ದುದನ್ನು ಬಿಟ್ಟುಬಿಡುವುದು ಬಾಲ್ಯದ ಅಭ್ಯಾಸ. ಹೊದಿಕೆ ನೆಲಕ್ಕೆ ಬಿತ್ತು. ಮತ್ತೆ ಮೊದಲಿನಿಂದ ಜಾಲಿಸಬೇಕು.

"ಬಟಾಣಿ ಎಲ್ಲಿ?" ಅಂದರು ಅತ್ತಿಗೆ.

ಬಟಾಣಿ ನಮ್ಮ ಮಗಳು. ಮೂರೂವರೆ ವರ್ಷ. ಬಕೆಟ್ಟಿನ ಹಿಂದೆ ಕೂತು ಬಟ್ಟೆ ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುತ್ತ, ಅವುಗಳಿಗೆ ಏನೇನೋ ಬುದ್ಧಿಮಾತು ಹೇಳುತ್ತಿದ್ದಳು. ಅತ್ತಿಗೆಯನ್ನು ಕಂಡು ಬಾಯಿ ಮುಚ್ಚಿದಳು. ಮುಚ್ಚಿದಳು ಅಂದರೆ ಬರೀ ಮುಚ್ಚುವುದಲ್ಲ. ಪೆಟ್ಟಿಗೆಗೆ ಬೀಗ ಹಾಕಿ ಕೀಲಿಕೈಯನ್ನು ಬಾವಿಗೆ ಎಸೆದ ಹಾಗೆ.

"ನೋಡು, ನೋಡು! ಹುಟ್ಟಿ ಮೂರೂವರೆ ವರ್ಷ ಆಯ್ತು. ಒಂದು ಸಲ 'ಅತ್ತೆ' ಅಂದಿಲ್ಲ ಇದು ನನ್ನ. ನಾನೇನು ಹುಲಿಯಾ, ಕರಡಿಯಾ?"

"ಮನೇಲಿ ಮಾತಾಡ್ತಾಳೆ ಅತ್ತಿಗೆ. ನೀವು ಬರೋವರೆಗೂ ಮಾತಾಡ್ತಿದ್ದಳು."

"ನಾನು ಬರೋವರೆಗೂ ಅಲ್ಲ ಕಣೇ, ನಾನು ಬಂದ ಮೇಲೆ ಮಾತಾಡಬೇಕು. ಡಾಕ್ಟರು ಏನಂದ್ರು?"

ಡಾಕ್ಟರು ಅಂದದ್ದನ್ನು ಹಿಂದಿನ ದಿನದಿಂದ ನಾನು ಅನ್ನದ ಜೊತೆಗೂ ನೀರಿನ ಜೊತೆಗೂ ನುಂಗುತ್ತಿದ್ದೆ. ಮೂರು ತಿಂಗಳು ನೋಡೋಣ ಅಂದಿದ್ದರು. ನಾಲ್ಕು ಮಕ್ಕಳ ಜೊತೆ ಬಿಡಿ, ಹಾಡಿಸಿ, ಕುಣಿಸಿ. ಹೊರಗಿನವರ ಎದುರು ಒಂದು ಪೂರ್ತಿ ವಾಕ್ಯ ಬಂದರೆ ಸಾಕು, ಚಿಂತೆಯಿಲ್ಲ. ಬರದಿದ್ದರೆ ದೊಡ್ಡಾಸ್ಪತ್ರೆಗೆ ಚೀಟಿ ಬರೆಯುತ್ತೇನೆ ಅಂದಿದ್ದರು. ಅಲ್ಲಿ ಕಿವಿ, ಗಂಟಲು, ತಲೆ ಎಲ್ಲ ಪರೀಕ್ಷೆ ಮಾಡುತ್ತಾರೆ. 'ತಲೆ' ಎಂಬ ಮಾತು ಬಂದಾಗ ಬಟಾಣಿ ತನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅದು ನನ್ನ ಕಣ್ಣಿಂದ ಹೋಗಿರಲಿಲ್ಲ.

ಅತ್ತಿಗೆ ಚೀಲದಿಂದ ಒಂದು ಅರ್ಜಿ ತೆಗೆದರು. "ತಗೋ. ನಮ್ಮ ಬೀದಿ ಕೊನೇಲಿ, ಹಳೇ ಗೋದಾಮಿನ ಮಹಡಿ ಮೇಲೆ ಒಬ್ಬರು ಹಾಡಿನ ಮೇಡಂ ಇದಾರೆ. ಪುಟ್ಟ ಮಕ್ಕಳಿಗೆ, ಮನೆಯವರಿಗೆ ಅಂತ ಕ್ಲಾಸು. ಡೋಲು, ಗಿಲಕಿ, ಕುಣಿತ. ಹನ್ನೆರಡು ಶನಿವಾರ. ಇವತ್ತೇ ಸೇರಿಸು."

ಅರ್ಜಿ ಎಂಬ ವಸ್ತುವನ್ನು ಕಂಡ ಕೂಡಲೇ ನಮ್ಮವರ ಬೆನ್ನು ನೆಟ್ಟಗಾಯಿತು. ಅವರು ನೀರಿನ ಕಚೇರಿಯಲ್ಲಿ ಅರ್ಜಿ ಪರಿಶೀಲಿಸುವ ಗುಮಾಸ್ತರು. ನಲ್ಲಿ ಬೇಕು ಅಂತ ಜನ ಬರೆದುಕೊಟ್ಟ ಅರ್ಜಿಗಳಲ್ಲಿ ತಪ್ಪು ಹುಡುಕುವುದು ಹದಿನಾರು ವರ್ಷದಿಂದ ಅವರ ಕಸುಬು. ಮೇಜಿನ ಮೇಲೆ ಎರಡು ಮೊಹರುಗಳಿವೆ. 'ಸ್ವೀಕರಿಸಲಾಗಿದೆ' ಎಂಬುದರ ರಬ್ಬರು ಇನ್ನೂ ಹೊಸದಾಗಿದೆ. 'ತಿರಸ್ಕರಿಸಲಾಗಿದೆ' ಎಂಬುದು ಸವೆದು ಮೂರು ಸಲ ಬದಲಾಯಿಸಿದ್ದಾಗಿದೆ.

"ಕೊಡಿ ಇಲ್ಲಿ," ಅಂದವರೇ ಒಗೆಯುವ ಕಲ್ಲಿನ ಮೇಲೆ ಕಾಗದ ಹರಡಿ, ಜೇಬಿನ ಪೆನ್ನು ತೆಗೆದರು.

"ನಾನೊಂದು ಸಲ ನೋಡ್ಲಾ?" ಅಂದೆ. ನನ್ನ ಕೈ ಸೋಪಿನಲ್ಲಿತ್ತು.

"ಏನು ನೋಡ್ತೀಯ? ಊರಿನ ಅರ್ಜಿಯೆಲ್ಲ ನನ್ನ ಕೈ ದಾಟಿ ಹೋಗುತ್ತೆ. ನನ್ನ ಅರ್ಜಿ ನಿನ್ನ ಕೈ ದಾಟಬೇಕಾ?"

ಅರ್ಜಿಯ ಮೊದಲನೇ ಸಾಲು 'ಸೇರುವವರ ಹೆಸರು, ವಯಸ್ಸು.' ನೀರಿನ ಕಚೇರಿಯ ಮೊದಲ ಧರ್ಮ ಏನೆಂದರೆ, ಕೊನೆಯಲ್ಲಿ ಯಾರು ಸಹಿ ಹಾಕುತ್ತಾರೋ ಅವರ ಹೆಸರೇ ಮೊದಲ ಸಾಲಿನಲ್ಲಿರಬೇಕು, ಇಲ್ಲದಿದ್ದರೆ ತಿರಸ್ಕಾರ. ಬಟಾಣಿಗೆ ಸಹಿ ಬರುವುದಿಲ್ಲ. ಆದ್ದರಿಂದ ನಮ್ಮವರು ತಮ್ಮ ಹೆಸರನ್ನೇ ಬರೆದು ವಯಸ್ಸು ನಲವತ್ತೊಂದು ಅಂತ ಹಾಕಿದರು. 'ಜೊತೆಗೆ ಬರುವವರು' ಎಂಬಲ್ಲಿ ಮಗಳ ಹೆಸರು, ವಯಸ್ಸು ಮೂರೂವರೆ. 'ಸೇರಲು ಕಾರಣ' ಎಂಬಲ್ಲಿ ಅಚ್ಚುಕಟ್ಟಾಗಿ, 'ಹೊರಗಿನವರ ಎದುರು ಬಾಯಿ ಬಿಡುವುದಿಲ್ಲ. ವೈದ್ಯರ ಸಲಹೆ ಮೇರೆಗೆ.'

ಈ ಸಂಗತಿ ನನಗೆ ಗೊತ್ತಾದದ್ದು ಹನ್ನೆರಡನೇ ಶನಿವಾರ. ನಿಮಗೆ ಈಗಲೇ ಹೇಳಿಬಿಟ್ಟಿದ್ದೇನೆ. ಮೂರು ತಿಂಗಳು ನಾನು ಪಟ್ಟ ಸಂಕಟವನ್ನು ಓದುವವರೂ ಪಡಬೇಕು ಅಂತ ಎಲ್ಲಿ ಬರೆದಿದೆ?

ಹಾಡಿನ ಮೇಡಂ ಆ ಅರ್ಜಿಯನ್ನು ಎರಡು ಸಲ ಓದಿದರಂತೆ. ತಲೆಯೆತ್ತಿ ನಮ್ಮವರನ್ನು ನೋಡಿದರಂತೆ. ಮನೆಯಲ್ಲಿ ಮಾತಿನ ಮಲ್ಲನಾದ ನಮ್ಮವರು ಏಳೆಂಟು ಜನ ತಾಯಂದಿರ ಮಧ್ಯೆ ಚಪ್ಪಲಿ ಎಲ್ಲಿಡಬೇಕು ಅಂತ ಕೇಳಲಾರದೆ ಅದನ್ನು ಕೈಯಲ್ಲೇ ಹಿಡಿದು ನಿಂತಿದ್ದರು. ಅರ್ಜಿಗೂ ಆಸಾಮಿಗೂ ಸರಿಯಾಗಿ ತಾಳೆಯಾಯಿತು. ಹಿಂದಿನ ವರ್ಷ ಒಂದು ಕೈ ಸ್ವಾಧೀನ ತಪ್ಪಿದ್ದ ಒಬ್ಬ ತಾತ ಮೊಮ್ಮಗನ ಜೊತೆ ಬಂದು, ಗಿಲಕಿ ಆಡಿಸಿ ಆಡಿಸಿ ಬೆರಳು ಮಡಿಸುವಷ್ಟು ಗುಣವಾಗಿದ್ದರಂತೆ. ಹಾಗಾಗಿ ಮೇಡಂಗೆ ಇದೇನೂ ಹೊಸದಲ್ಲ. ಕಾರಣ ಕೇಳಿ ಪಾಪದ ಮನುಷ್ಯನ ಮನಸ್ಸು ನೋಯಿಸಬಾರದು ಎಂದುಕೊಂಡು, ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಅಲ್ಲಿ ಇನ್ನೂ ಎರಡು ಕಟ್ಟುಪಾಡು. ಒಂದು, ಸೇರಿದವರ ಜೊತೆ ಒಬ್ಬರೇ ಬರಬೇಕು. ಆದ್ದರಿಂದ ನನಗೆ ಪ್ರವೇಶವಿಲ್ಲ. ಎರಡು, ಬಾಗಿಲು ದಾಟಿದ ಮೇಲೆ ಮಾತಿಲ್ಲ, ಹಾಡು ಮಾತ್ರ. ನೀರು ಬೇಕಿದ್ದರೂ ಹಾಡಿ ಕೇಳಬೇಕು. 'ಇದರಲ್ಲಿ ಕಲಿಯುವವರು ನಾನೋ ನನ್ನ ಮಗಳೋ' ಎಂಬ ಪ್ರಶ್ನೆಗೆ ರಾಗ ಹಾಕುವ ಶಕ್ತಿ ನಮ್ಮವರಿಗಿರಲಿಲ್ಲ. ಅಂಥ ಪ್ರಶ್ನೆ ಅವರಿಗೆ ಹುಟ್ಟಲೂ ಇಲ್ಲ ಎನ್ನುವುದು ಬೇರೆ ವಿಷಯ.

ಮೊದಲ ಶನಿವಾರ ಮಧ್ಯಾಹ್ನ ಅಪ್ಪ ಮಗಳು ಮನೆಗೆ ಬಂದರು. ಅಪ್ಪನ ಅಂಗಿ ಬೆವರಿ ಬೆನ್ನಿಗಂಟಿತ್ತು. ಮಗಳ ತಲೆಗೂದಲು ಬೆಳಗ್ಗೆ ನಾನು ಬಾಚಿದ ಹಾಗೇ ಇತ್ತು.

"ಏನು ಮಾಡಿದೆ ಪುಟ್ಟಾ ಕ್ಲಾಸಲ್ಲಿ?"

"ಅಪ್ಪ ಡೋಲು ಹೊಡೆದ."

"ನೀನು?"

"ಚಪ್ಪಾಳೆ ತಟ್ಟಿದೆ." ಸ್ವಲ್ಪ ಯೋಚಿಸಿ, "ಅಪ್ಪ ಮೊದಲು ಅಳೋ ಹಾಗೆ ಇದ್ದ. ಆಮೇಲೆ ಸರಿಹೋದ," ಅಂದಳು.

ನಮ್ಮವರನ್ನು ಕೇಳಿದೆ. "ರೀ, ಡೋಲು ನೀವ್ಯಾಕೆ ಹೊಡೆದಿರಿ?"

"ಅಲ್ಲಿ ಪದ್ಧತೀನೇ ಬೇರೆ ಕಣೇ. ಮೊದಲು ದೊಡ್ಡವರ ನಾಚಿಕೆ ಬಿಡಿಸ್ತಾರೆ. ಬೇರು ಗಟ್ಟಿಯಾದ್ರೆ ಚಿಗುರು ತಾನಾಗೇ ಬರುತ್ತೆ."

"ಬೇರೆ ಅಪ್ಪ ಅಮ್ಮಂದಿರೂ ಹೊಡೆದ್ರಾ?"

ನಮ್ಮವರು ತಗ್ಗಿದ ದನಿಯಲ್ಲಿ, ಬಡ್ತಿಯ ಸುದ್ದಿ ಹೇಳುವ ಹಾಗೆ ಹೇಳಿದರು: "ಇಲ್ಲ. ಅವರೆಲ್ಲ ಗೋಡೆ ಪಕ್ಕ ದಿಂಬಿನ ಮೇಲೆ ಕೂತಿದ್ರು. ಅಷ್ಟು ಜನರಲ್ಲಿ ಮೇಡಂ ವೃತ್ತದೊಳಗೆ ಕರೆದದ್ದು ನನ್ನೊಬ್ಬನ್ನೇ."

ಮನುಷ್ಯನಿಗೆ ಬುದ್ಧಿ ಮಂಕಾಗಲು ಇಷ್ಟು ಸಾಕು. ಅವರಿಗೂ ಸಾಕಾಯಿತು. ನನಗೂ ಯಾಕೆ ಸಾಕಾಯಿತು ಅಂತ ಈಗ ಕೇಳಿಕೊಳ್ಳುತ್ತೇನೆ. ಒಲೆ ಮೇಲೆ ಹಾಲಿತ್ತು, ತೊಟ್ಟಿಯಲ್ಲಿ ಬಟ್ಟೆಯಿತ್ತು, ಎದೆಯಲ್ಲಿ ಡಾಕ್ಟರು ಹೇಳಿದ ಮಾತಿತ್ತು. ಪದ್ಧತಿ ಅಂದರಲ್ಲ, ಇರಬಹುದು ಅಂದುಕೊಂಡೆ.

ವಾರಗಳು ಉರುಳಿದವು. ನಮ್ಮವರು ಮನೆಯಲ್ಲಿ ಅಭ್ಯಾಸ ಶುರುಮಾಡಿದರು. ಬೆಳಗ್ಗೆ ಹಲ್ಲುಜ್ಜುತ್ತ ಮೊಲದ ನೆಗೆತ, ಕಚೇರಿಯಿಂದ ಬಂದು ಆನೆ ನಡಿಗೆ. ಒಂದು ಕೈ ಸೊಂಡಿಲು. ಇನ್ನೊಂದು ಕೈ ಬೆನ್ನ ಹಿಂದೆ, ಬಾಲ. ಬಟಾಣಿ ಕುರ್ಚಿಯಲ್ಲಿ ಕೂತು, "ಮಂಡಿ ಬಗ್ಗಿಸು ಅಪ್ಪಾ... ಹಾಂ... ಶಭಾಷ್," ಅನ್ನುತ್ತಿದ್ದಳು. ಮನೆಯೊಳಗೆ ಅವಳ ದನಿ ಗಂಟೆಯಂತಿತ್ತು. ಹೊರಗೆ ಕಾಲಿಟ್ಟರೆ ಅದೇ ಬೀಗ, ಅದೇ ಬಾವಿ.

ಐದನೇ ವಾರ ಕೆಳಮನೆಯ ನಿವೃತ್ತ ಹೆಡ್ಮೇಷ್ಟ್ರು ಬಾಗಿಲು ಬಡಿದರು. ಅವರ ತಲೆಯ ಮೇಲೆಲ್ಲ ಸುಣ್ಣದ ಪುಡಿ.

"ಏನಮ್ಮಾ, ಮೇಲೆ ಏನು ನಡೀತಿದೆ?"

"ಮಗಳಿಗೆ ಹಾಡಿನ ಕ್ಲಾಸು ಮೇಷ್ಟ್ರೇ. ಅಭ್ಯಾಸ."

"ಮಗಳ ತೂಕ ಎಷ್ಟು?"

"ಹದಿಮೂರು ಕೆಜಿ."

"ನಾನು ಲೆಕ್ಕದ ಮೇಷ್ಟ್ರಮ್ಮ. ಹದಿಮೂರು ಕೆಜಿಗೆ ನನ್ನ ಫ್ಯಾನು ಹಾಗೆ ತೂಗಾಡಲ್ಲ."

ಆಗ ಒಳಗಿನಿಂದ ಸೊಂಡಿಲು ಸಮೇತ ನಮ್ಮವರು ಬಂದರು. ಮೇಷ್ಟ್ರನ್ನು ಕಂಡು ಸೊಂಡಿಲು ಇಳಿಸಿ, ಬಾಲವನ್ನು ಮಾತ್ರ ಮರೆತು ನಿಂತರು. ಮೇಷ್ಟ್ರು ಅವರನ್ನು ಮೇಲಿಂದ ಕೆಳಗೆ ನೋಡಿ, ಆಮೇಲೆ ಕುರ್ಚಿಯಲ್ಲಿ ಕೈಕಟ್ಟಿ ಕೂತ ಬಟಾಣಿಯನ್ನು ನೋಡಿ, ನನ್ನ ಹತ್ತಿರ ತಲೆ ಬಗ್ಗಿಸಿ ಹೇಳಿದರು: "ನಲವತ್ತು ವರ್ಷ ಮಕ್ಕಳನ್ನ ನೋಡಿದೀನಿ. ಇಷ್ಟು ಗಂಭೀರವಾಗಿ ಕೂತ ಮಗು ನೋಡಿಲ್ಲ. ಯಾವುದಕ್ಕೂ ಒಳ್ಳೇ ಕಡೆ ತೋರಿಸಿ."

ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಆರನೇ ವಾರ ಹಾಡಿನ ಮೇಡಂ ಪ್ರಗತಿ ಪತ್ರ ಕೊಟ್ಟರು. ನಮ್ಮವರು ಅದನ್ನು ಲಕೋಟೆಯಿಂದ ತೆಗೆದು, ಗಂಟಲು ಸರಿಮಾಡಿಕೊಂಡು, ಅತ್ತಿಗೆಯ ಮುಂದೆ ಗಟ್ಟಿಯಾಗಿ ಓದಿದರು.

"'ಮೊದಲ ದಿನ ಕಾಲು ಎತ್ತಲು ನಾಚಿಕೆ ಇತ್ತು. ಈಗ ಆನೆ ನಡಿಗೆ ತರಗತಿಯಲ್ಲೇ ಚೆನ್ನಾಗಿದೆ.' ಕೇಳಿಸಿಕೊಂಡ್ಯಾ ಅಕ್ಕ? ತರಗತಿಯಲ್ಲೇ!"

"ಬಟಾಣಿಯಾ? ನಿಜವಾಗ್ಲೂ?" ಅತ್ತಿಗೆಯ ಕಣ್ಣು ಒದ್ದೆಯಾಯಿತು. ನನ್ನದೂ.

"'ಜೋಗುಳದ ಹೊತ್ತಿನಲ್ಲಿ ಬೇಗ ನಿದ್ದೆ ಬರುತ್ತದೆ.' ಮಗು ಅಲ್ವಾ, ಬರುತ್ತೆ. 'ಡೋಲನ್ನು ಇತರ ಮಕ್ಕಳ ಜೊತೆ ಹಂಚಿಕೊಳ್ಳುವುದನ್ನು ಇನ್ನೂ ಕಲಿಯಬೇಕು.'"

"ಅದು ನಿನ್ನ ಗುಣ ಕಣೋ," ಅಂದರು ಅತ್ತಿಗೆ. "ನನ್ನ ಪೀಪಿ ಕಿತ್ಕೊಂಡು ನಾಲ್ಕು ದಿನ ಕೊಟ್ಟಿರಲಿಲ್ಲ ನೀನು."

"'ಬಗ್ಗುವಾಗ ಸೊಂಟ ಹಿಡಿಯುತ್ತಿರುವಂತೆ ಕಾಣುತ್ತದೆ. ಮನೆಯಲ್ಲಿ ಗಮನ ಕೊಡಿ.'"

ಕಣ್ಣೊರೆಸುತ್ತಿದ್ದ ಸೆರಗನ್ನು ಅತ್ತಿಗೆ ಕೆಳಗಿಳಿಸಿದರು.

"ಸೊಂಟವಾ?" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಮೂರೂವರೆ ವರ್ಷಕ್ಕೆ ಸೊಂಟವಾ!" ಅಂದರು ಅತ್ತಿಗೆ, ಇಡೀ ಬೀದಿಗೆ ಕೇಳಿಸುವ ಹಾಗೆ. "ಅದಕ್ಕೇ ಮಾತಿಲ್ಲ ಅದಕ್ಕೆ! ನೋವು ತಿಂದ್ಕೊಂಡು ಸುಮ್ಮನಿದೆ ನನ್ನ ಕಂದ!"

"ಇನ್ನೊಂದು ಸಾಲಿದೆ," ಅಂದರು ನಮ್ಮವರು. "'ಜೊತೆಗೆ ಬರುವವರು ಬಹಳ ಸಹನೆಯವರು. ಇಂಥ ಜೊತೆ ಸಿಗಲು ಪುಣ್ಯ ಮಾಡಿರಬೇಕು.'" ಪತ್ರ ಮಡಿಸಿ ಜೇಬಿಗಿಟ್ಟು, "ಅದು ನಾನು," ಅಂದರು.

ಅವತ್ತಿನಿಂದ ಬಟಾಣಿಯ ಸೊಂಟಕ್ಕೆ ದಿನಕ್ಕೆರಡು ಸಲ ಎಣ್ಣೆ ನೀವಿಕೆ. ಅತ್ತಿಗೆ ಬೆಳಗ್ಗೆ ಬಂದು ನೀವಿದರೆ ಸಂಜೆ ನಾನು. ಬಟಾಣಿ ಬೋರಲು ಮಲಗಿ, ಗಲ್ಲಕ್ಕೆ ಕೈಕೊಟ್ಟು, ನಾವು ಎಷ್ಟು ಹೊತ್ತು ಆಡಿದರೂ ತಾನು ತಾಳಿಕೊಳ್ಳುತ್ತೇನೆ ಎಂಬಂತೆ ಇರುತ್ತಿದ್ದಳು. ಪಕ್ಕದ ಕೋಣೆಯಲ್ಲಿ ನಮ್ಮವರು "ಅಯ್ಯಮ್ಮಾ" ಅಂತ ಸೊಂಟ ಹಿಡಿದುಕೊಂಡು ಏಳುವುದು ನನ್ನ ಕಿವಿಗೆ ಬೀಳುತ್ತಿತ್ತು. ಮಗಳ ಚಿಂತೆಯಲ್ಲಿ ಗಂಡನ ನರಳಾಟಕ್ಕೆ ಕಿವಿ ಕೊಡುವ ಹೆಂಗಸು ಯಾವಳಿದ್ದಾಳೆ?

ಕೊನೆಗೆ ತಾಳಲಾರದೆ ಡಾಕ್ಟರ ಬಳಿಗೆ ಓಡಿದೆ. ಅವರು ಬಟಾಣಿಯನ್ನು ನಿಲ್ಲಿಸಿ, ಬಗ್ಗಿಸಿ, ಕಾಲೆತ್ತಿಸಿ ನೋಡಿದರು.

"ಸೊಂಟ ಕಲ್ಲಿನ ಹಾಗಿದೆ. ಯಾಕೆ ಇಷ್ಟು ಎಣ್ಣೆ? ಕೈಯಲ್ಲಿ ನಿಲ್ತಾನೇ ಇಲ್ಲ ಮಗು." ಆಮೇಲೆ ಬಗ್ಗಿ ಕೇಳಿದರು, "ಏನಮ್ಮಾ ಪುಟ್ಟಿ, ನಿನ್ನ ಕ್ಲಾಸು ಹೇಗಿದೆ?"

ಬಟಾಣಿ ಅವರನ್ನೇ ನೋಡಿದಳು. 'ನನ್ನ ಕ್ಲಾಸಾ?' ಎಂಬಂತೆ ಹುಬ್ಬು ಗಂಟಿಕ್ಕಿದಳು. ಬಾಯಿ ಸ್ವಲ್ಪ ತೆರೆಯಿತು. ನಾನು ಕುರ್ಚಿಯ ಅಂಚಿಗೆ ಸರಿದೆ. ಬಾಯಿ ಮತ್ತೆ ಮುಚ್ಚಿತು.

ಡಾಕ್ಟರು ಗೋಡೆಯ ಕ್ಯಾಲೆಂಡರಿನ ಒಂದು ಸೋಮವಾರಕ್ಕೆ ಗುಂಡು ಸುತ್ತಿದರು. ಹನ್ನೆರಡನೇ ಶನಿವಾರ ಆದ ಮೇಲಿನ ಸೋಮವಾರ. "ಅವತ್ತು ಕರ್ಕೊಂಡು ಬನ್ನಿ. ಆವರೆಗೂ ಏನೂ ಆಗದಿದ್ರೆ ಚೀಟಿ ಬರೀತೀನಿ."

ಇಷ್ಟೆಲ್ಲ ಆಗುವಾಗ ನಮ್ಮವರು ಸುಮ್ಮನೆ ಇರಬಹುದಿತ್ತು. ಆದರೆ ಪ್ರಗತಿ ಪತ್ರದ ಮೊದಲ ಎರಡು ಸಾಲು ಕಾಣುವ ಹಾಗೆ ಮಡಿಸಿ ಕಚೇರಿಗೆ ಒಯ್ದು, ಎಲ್ಲರಿಗೂ ತೋರಿಸಿಬಿಟ್ಟಿದ್ದರು. ಬಾಯಲ್ಲಿ ಹೇಳಲು ಧೈರ್ಯವಿಲ್ಲ. ಮೇಜಿನ ಮೇಲಿಟ್ಟು, ಪಕ್ಕದಲ್ಲಿ ನಿಂತು ಕೆಮ್ಮಿದರಂತೆ. ಹತ್ತನೇ ವಾರ ಅವರ ಸಾಹೇಬರಿಂದ ನನಗೇ ಫೋನು ಬಂತು.

"ನಿಮ್ಮ ಮಗಳು ಆನೆ ನಡಿಗೇಲಿ ಇಡೀ ತರಗತಿಗೆ ಫಸ್ಟಂತಲ್ಲಮ್ಮ? ಸಂತೋಷ. ನಮ್ಮ ಮೊಮ್ಮಗನೂ ಸ್ವಲ್ಪ ಸಂಕೋಚದವನು. ಕ್ಲಾಸಲ್ಲಿ ವಿಚಾರಿಸಿದೆ, ಕೊನೇ ಶನಿವಾರ ಎಲ್ಲರಿಗೂ ಬಾಗಿಲು ತೆರೆದಿರುತ್ತೆ ಅಂದ್ರು. ಕರ್ಕೊಂಡು ಬರ್ತೀನಿ. ನಿಮ್ಮ ಮಗಳನ್ನ ನೋಡಿಯಾದ್ರೂ ಅವನು ಕಾಲೆತ್ತಲಿ."

ಫೋನಿಟ್ಟು ನಮ್ಮವರ ಕಡೆ ತಿರುಗಿದೆ. "ರೀ, ಅವಳು ಅಲ್ಲಿ ಒಂದು ಸಲವಾದ್ರೂ ಕಾಲೆತ್ತಿದಾಳಾ? ನಿಜ ಹೇಳಿ."

"ಎತ್ತುತ್ತಾಳೆ ಕಣೇ."

"ಎತ್ತುತ್ತಾಳೋ, ಎತ್ತಿದಾಳೋ?"

ನಮ್ಮವರು ಸೊಂಟ ಹಿಡಿದುಕೊಂಡು ಆ ಕೋಣೆಯಿಂದ ಈ ಕೋಣೆಗೆ ಹೋದರು. "ಮೇಡಂ ಬರೆದುಕೊಟ್ಟಿದಾರಲ್ಲ. ಲಿಖಿತ ದಾಖಲೆ. ಅದರ ಮುಂದೆ ನಾನು ನೋಡಿದ್ದು ಯಾವ ಲೆಕ್ಕ?"

ಹನ್ನೆರಡನೇ ಶನಿವಾರ ಬಂತು. ನನ್ನ ಕೈಗೆ ಕೆಲಸ ಅಂಟಲಿಲ್ಲ. ಸಕ್ಕರೆಯ ಡಬ್ಬಿಯಲ್ಲಿ ಉಪ್ಪು ಸುರಿದೆ. ಬಟಾಣಿ ಮಾತ್ರ ಎಂದಿನ ಹಾಗೆ ಚೀಲ ಕಟ್ಟಿದಳು. ನೀರಿನ ಬಾಟಲಿ, ಅಪ್ಪನ ಕರವಸ್ತ್ರ, ಒಂದು ಬಿಸ್ಕತ್ತು. ಬಾಗಿಲಲ್ಲಿ ನಿಂತು, "ಅಪ್ಪಾ, ಬಾತ್‌ರೂಮಿಗೆ ಹೋಗಿ ಬಂದ್ಯಾ? ಆಮೇಲೆ ಮಧ್ಯದಲ್ಲಿ ಕೇಳಬಾರದು," ಅಂದಳು. ನಮ್ಮವರು ವಿಧೇಯರಾಗಿ ಹೋಗಿ ಬಂದರು.

ಗೋದಾಮಿನ ಮಹಡಿ ತುಂಬಿ ತುಳುಕುತ್ತಿತ್ತು. ನೆಲಕ್ಕೆ ಬಣ್ಣದ ಚಾಪೆಗಳು, ಮೂಲೆಯಲ್ಲಿ ಗಿಲಕಿಗಳ ಬುಟ್ಟಿ, ಗೋಡೆಯುದ್ದಕ್ಕೂ ದಿಂಬು. ನಾನು, ಅತ್ತಿಗೆ, ಫ್ಯಾನು ತೂಗಾಡಿದ್ದರ ಮೂಲ ಪತ್ತೆ ಹಚ್ಚಲು ಬಂದ ಹೆಡ್ಮೇಷ್ಟ್ರು, ಮೊಮ್ಮಗನ ಕೈ ಹಿಡಿದ ಸಾಹೇಬರು ಒಂದೇ ಸಾಲಿನಲ್ಲಿ ಕೂತೆವು. ಹಾಡಿನ ಮೇಡಂ ಬಿಳಿಗೂದಲಿನ, ಸಣ್ಣ ದೇಹದ ಹೆಂಗಸು. ಡೋಲು ಹಿಡಿದು ಒಂದೊಂದೇ ಹೆಸರಿಗೆ ರಾಗ ಕೂಡಿಸಿ ಕರೆದರು. ಕರೆದ ಮಗು ಕುಣಿಯುತ್ತ ಬಂದು ವೃತ್ತದಲ್ಲಿ ಕೂರುತ್ತಿತ್ತು. ಅದರ ತಾಯಿಯೋ ತಂದೆಯೋ ಹಿಂದೆ ಬಂದು ದಿಂಬಿನ ಮೇಲೆ ಕೂರುತ್ತಿದ್ದರು. ಎಂಟನೆಯದಾಗಿ ಮೇಡಂ ನಮ್ಮವರ ಹೆಸರನ್ನು ಹಾಡಿದರು.

ನಮ್ಮವರು ಕುಣಿಯುತ್ತ ಹೋದರು. ಹಿಂದೆಯೇ ಬಟಾಣಿ ಚೀಲ ಹೊತ್ತು ನಡೆದು ಹೋಗಿ, ತಾಯಂದಿರ ಸಾಲಿನಲ್ಲಿ, ತನ್ನ ದಿಂಬನ್ನು ಸರಿಮಾಡಿಕೊಂಡು ಕೂತಳು. ಪಕ್ಕದ ತಾಯಿಯೊಬ್ಬಳು ಅವಳನ್ನು ನೋಡಿ ಆಪ್ತವಾಗಿ ತಲೆಯಾಡಿಸಿದಳು. ಬಟಾಣಿಯೂ ತಲೆಯಾಡಿಸಿದಳು.

ನಾನು ಕೂತಲ್ಲಿಂದ ಅರ್ಧ ಎದ್ದೆ.

"ಏನೇ ಇದು?" ಅಂದರು ಅತ್ತಿಗೆ.

"ಪದ್ಧತಿ," ಅಂದೆ.

ಆನೆ ನಡಿಗೆ ಶುರುವಾಯಿತು. ಒಂಬತ್ತು ಪುಟ್ಟ ಆನೆಗಳು, ಒಂದು ದೊಡ್ಡ ಆನೆ. ಹೆಡ್ಮೇಷ್ಟ್ರು ಹೀರಿದ ಉಸಿರನ್ನು ಬಿಟ್ಟು, "ಸಿಕ್ಕಿತು," ಅಂದರು. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಮ್ಮವರು ವೃತ್ತದ ಆ ಮಗ್ಗುಲಿನಿಂದ ಸಾಹೇಬರನ್ನು ಕಂಡು, ಸೊಂಡಿಲಿನಲ್ಲೇ ನಮಸ್ಕಾರ ಮಾಡಿದರು.

ನಡಿಗೆ ಮುಗಿದ ಮೇಲೆ ಮೇಡಂ ಎಲ್ಲ ಮಕ್ಕಳಿಗೂ ಕಾಗದದ ಕಿರೀಟ ತೊಡಿಸಿದರು. ನಮ್ಮವರಿಗೆ ದೊಡ್ಡ ಅಳತೆಯದನ್ನು ವಿಶೇಷವಾಗಿ ಮಾಡಿಸಿದ್ದರು. ಆಮೇಲೆ ಅವರ ಭುಜದ ಮೇಲೆ ಕೈಯಿಟ್ಟು, ಮೊಟ್ಟಮೊದಲ ಬಾರಿಗೆ ರಾಗವಿಲ್ಲದೆ ಮಾತಾಡಿದರು.

"ಇವತ್ತು ಕೊನೇ ದಿನ, ಅದಕ್ಕೆ ಮಾತಿಗೆ ಅವಕಾಶ. ಇವರು ಸೇರಿದಾಗ ಯಾರ ಮುಖಾನೂ ನೋಡ್ತಿರಲಿಲ್ಲ. ಹೊರಗಿನವರ ಎದುರು ಬಾಯಿ ಬಿಡಲ್ಲ ಅಂತ ತಾವೇ ಬರೆದುಕೊಟ್ಟಿದ್ರು. ಹಾಗೆ ಒಪ್ಪಿಕೊಳ್ಳೋಕೆ ಎಷ್ಟು ಧೈರ್ಯ ಬೇಕು, ಯೋಚನೆ ಮಾಡಿ. ಇವತ್ತು ಇವರು ನಿಮ್ಮೆಲ್ಲರ ಎದುರು ಒಂದು ಪೂರ್ತಿ ವಾಕ್ಯ ಹೇಳ್ತಾರೆ. ಯಾರೂ ಅವಸರ ಮಾಡಬೇಡಿ."

ನಲವತ್ತು ಜನ ಕರುಣೆಯಿಂದ ನಮ್ಮವರನ್ನು ನೋಡಿದರು. ನಮ್ಮವರು ಕಿರೀಟದ ಕೆಳಗೆ ಬೆವರಿದರು. ಬಾಯಿ ತೆರೆದರು, ಮುಚ್ಚಿದರು, ತೆರೆದರು. ನೀರಿನಿಂದ ತೆಗೆದ ಮೀನು ಕೂಡ ಅದಕ್ಕಿಂತ ಹೆಚ್ಚು ವಿಷಯ ಹೇಳುತ್ತದೆ.

"ಹೇಳಿ ಅಣ್ಣಾ, ಹೆದರಬೇಡಿ. ನಾವೆಲ್ಲ ಇದೀವಿ," ಅಂದಳೊಬ್ಬಳು ತಾಯಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

ಸಾಹೇಬರು ನನ್ನ ಕಡೆ ವಾಲಿದರು. "ಆಫೀಸಲ್ಲಿ ಇವರು ಮಾತಾಡದೇ ಇರೋದನ್ನ ನಾನು ಗಾಂಭೀರ್ಯ ಅಂದ್ಕೊಂಡಿದ್ದೆ. ಕಾಯಿಲೆ ಅಂತ ಗೊತ್ತಿರಲಿಲ್ಲಮ್ಮ. ರಜೆ ಬೇಕಿದ್ರೆ ಹೇಳಿ."

ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತೆ. "ಮೇಡಂ, ಬಾಯಿ ಬಿಡದೇ ಇರೋದು ಅವರಲ್ಲ. ಮಗಳು."

"ಯಾರು?" ಮೇಡಂ ಹಿಂದೆ ತಿರುಗಿ ನೋಡಿದರು. "ಇವರನ್ನ ಕರ್ಕೊಂಡು ಬರೋವ್ರಾ?"

ಅರ್ಜಿ ತರಿಸಿದ್ದಾಯಿತು. ಕಾಗದ ಕಂಡರೆ ಸಾಹೇಬರ ಕೈ ತಾನಾಗಿ ಚಾಚುತ್ತದೆ. ಅವರೇ ತೆಗೆದುಕೊಂಡು, ಕಚೇರಿಯ ದನಿಯಲ್ಲಿ, ಒಂದಕ್ಷರ ಬಿಡದೆ ಓದಿದರು. ಸೇರುವವರ ವಯಸ್ಸು ನಲವತ್ತೊಂದು. ಜೊತೆಗೆ ಬರುವವರ ವಯಸ್ಸು ಮೂರೂವರೆ. ಕೊನೆಗೆ ಕಾಗದದ ಮೇಲಿಂದ ನಮ್ಮವರನ್ನು ನೋಡಿ, "ಇದನ್ನ ನೀವೇ ತುಂಬಿದ್ದಾ?" ಅಂದರು.

"ಸಹಿ ಹಾಕುವವರೇ ಅರ್ಜಿದಾರರು ಸಾರ್," ಅಂದರು ನಮ್ಮವರು. ಅಷ್ಟು ಜನರ ಎದುರು ಅವರಾಡಿದ ಮೊದಲ ಪೂರ್ತಿ ವಾಕ್ಯ. ಇಬ್ಬರು ತಾಯಂದಿರು ಏನೂ ಅರ್ಥವಾಗದೆ ಚಪ್ಪಾಳೆ ತಟ್ಟಿದರು.

ಅತ್ತಿಗೆ ಮಾತ್ರ ಬೇರೆಯೇ ಲೆಕ್ಕದಲ್ಲಿದ್ದರು. "ಹಾಗಾದ್ರೆ ಆ ಸೊಂಟ ಯಾರದ್ದು?" ಎಂದು ಕೂಗಿದರು. "ಆರು ವಾರ ನಾನು ಎಣ್ಣೆ ನೀವಿದ್ದು ಯಾರ ಸೊಂಟದ ನೋವಿಗೆ?"

ಅಲ್ಲಿಂದ ಸಂತೆ ಶುರುವಾಯಿತು. ಮೇಡಂ ಬಾಯಿಗೆ ಕೈಯಿಟ್ಟುಕೊಂಡು, "ಅಯ್ಯೋ, ಹನ್ನೆರಡು ವಾರ ಈ ಮಗು ಕೈಗೆ ಒಂದು ಗಿಲಕೀನೂ ಕೊಡಲಿಲ್ಲವಲ್ಲ ನಾನು," ಅಂತ ಕೂತೇಬಿಟ್ಟರು. ಹೆಡ್ಮೇಷ್ಟ್ರು ಸುಣ್ಣದ ಪುಡಿಯ ಮಾತೆತ್ತಿದರು. ಸಾಹೇಬರು ಅರ್ಜಿಯಲ್ಲಿ ತಿದ್ದುಪಡಿಗೆ ಅವಕಾಶವಿದೆಯೇ ಎಂದು ಕೇಳಿದರು. ಅತ್ತಿಗೆ ತಮ್ಮನನ್ನು ಬೈದರು, ನನ್ನನ್ನು ಬೈದರು, ಅರ್ಜಿ ತಂದುಕೊಟ್ಟದ್ದಕ್ಕೆ ತಮ್ಮನ್ನು ತಾವೇ ಬೈದುಕೊಂಡರು. ನನಗೆ ಸೋಮವಾರ ಒಂದೇ ಕಾಣುತ್ತಿತ್ತು. ಗುಂಡು ಸುತ್ತಿದ ಸೋಮವಾರ. ಮೂರು ತಿಂಗಳು ಕೈ ಜಾರಿ ಹೋಗಿತ್ತು, ನನ್ನ ಮಗಳಿಗೆ ಒಂದು ದಿನದ ಕ್ಲಾಸೂ ಆಗಿರಲಿಲ್ಲ. ನಡುವೆ ನಮ್ಮವರು ಕಿರೀಟ ತೆಗೆಯಬೇಕೋ ಬಿಡಬೇಕೋ ತಿಳಿಯದೆ, ಅದನ್ನು ಒಂದು ಕೈಯಲ್ಲಿ ಹಿಡಿದು, ಬೆಪ್ಪಾಗಿ ನಿಂತಿದ್ದರು. ಅವರ ಕಣ್ಣಂಚು ಕೆಂಪಾಗಿತ್ತು. ಹನ್ನೊಂದು ವರ್ಷದಲ್ಲಿ ಅವರನ್ನು ಹಾಗೆ ನೋಡಿರಲಿಲ್ಲ. ಬೈಯಲು ತೆರೆದ ಬಾಯಿ ಮುಚ್ಚಿಕೊಂಡೆ.

ಗದ್ದಲ ತಾಳಲಾರದೆ ಮೇಡಂ ಡೋಲಿಗೆ ಒಂದೇ ಒಂದು ಏಟು ಕೊಟ್ಟರು. ಎಲ್ಲರೂ ತಟ್ಟನೆ ಸುಮ್ಮನಾದರು.

ಆ ನಿಶ್ಶಬ್ದದಲ್ಲಿ ಬಟಾಣಿ ದಿಂಬಿನಿಂದ ಎದ್ದಳು. ನಲವತ್ತು ಜನರ ಮಧ್ಯೆ ನಡೆದು ವೃತ್ತದೊಳಗೆ ಹೋದಳು. ಅಪ್ಪನ ಅಂಗಿ ಜಗ್ಗಿ ಕೂರಿಸಿದಳು. ಚೀಲದಿಂದ ಕರವಸ್ತ್ರ ತೆಗೆದು ಅವರ ಹಣೆ ಒರೆಸಿದಳು, ಕಣ್ಣೂ ಒರೆಸಿದಳು. ಎರಡು ಹೆಜ್ಜೆ ಹಿಂದೆ ಸರಿದು ನಿಂತು, ಹಿಂದಿನ ಸಾಲಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದಳು:

"ಅಪ್ಪಾ, ನೀನು ಚೆನ್ನಾಗಿ ಕಲಿತೆ. ಇನ್ನು ನನ್ನನ್ನ ಯಾವಾಗ ಸೇರಿಸ್ತೀಯ?"